ನಮ್ಮ ಪ್ರತಿನಿಧಿಯಿಂದ

ಹೊಲಿಯಲು ಕೊಟ್ಟಿದ್ದ ರವಿಕೆ ತರಲು ಹೋದ ವಾರ ಟೇಲರ್ ಅಂಗಡಿಗೆ ಹೋಗಿದ್ದೆ. ಬಟ್ಟೆಯ ಮಡಿಕೆಯಲ್ಲಿ ಗುರುತು ಹಾಕಿದ ನೀಲಿ ಸೀಮೆಸುಣ್ಣದ ಪುಡಿ ಉಳಿದಿತ್ತು. ಮೂಸಿ ನೋಡಿದೆ. ಹದಿನಾಲ್ಕು ವರ್ಷದ ಸಿಟ್ಟು ನೆತ್ತಿಗೇರಿತು...

ಆಗ ನಾನು ರಾಯಚೂರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ಉಪಸಂಪಾದಕಿ. ತಾಲ್ಲೂಕು ವರದಿಗಾರರನ್ನು ಊರಿನ ಹೆಸರಿನಿಂದಲೇ ಕರೆಯುವುದು ನಮ್ಮ ರೂಢಿ. ‘ಮಾನ್ವಿ ಫೋನ್ ಮಾಡಿತ್ತು’, ‘ದೇವದುರ್ಗ ಇನ್ನೂ ಸುದ್ದಿ ಕಳಿಸಿಲ್ಲ’ ಎನ್ನುತ್ತಿದ್ದೆವು. ನನ್ನ ನೆನಪಿನಲ್ಲಿ ಕೂತಿರುವುದು ಆ ದೇವದುರ್ಗ. ಅಲ್ಲಿನ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟುಕೊಂಡಿದ್ದ ದರ್ಜಿ ಅವರು. ಅಳತೆ ಚೀಟಿಗಳ ಬೆನ್ನಿಗೆ ಸುದ್ದಿ ಬರೆದು, ಕವರಿಗೆ ಹಾಕಿ, ರಾಯಚೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಕವರು ಒಡೆದರೆ ನೀಲಿ ಪುಡಿ ನನ್ನ ಮೇಜಿನ ಮೇಲೆ ಉದುರುತ್ತಿತ್ತು.

ಪ್ರತಿ ಸುದ್ದಿಯ ಕೊನೆಗೂ ಅವರು ತಮ್ಮ ಹೆಸರು ಬರೆಯುತ್ತಿದ್ದರು. ನಾನು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮೇಲೆ ‘ನಮ್ಮ ಪ್ರತಿನಿಧಿಯಿಂದ’ ಎಂದು ಬರೆಯುತ್ತಿದ್ದೆ. ಹೆಸರು ಅಚ್ಚಾದರೆ ನಾಳೆ ನೌಕರಿ ಕೇಳುತ್ತಾರೆ ಎಂಬುದು ಮಾಲೀಕರ ಭಯ. ನೇಮಕಾತಿ ಪತ್ರವಿಲ್ಲ, ಗುರುತಿನ ಚೀಟಿಯೂ ಇಲ್ಲ.

“ಯವ್ವಾ, ಒಂದ್ಸಲರ ಹೆಸರು ಹಾಕು. ಮನ್ಯಾಗ ತೋರಿಸ್ತೀನಿ” ಎಂದು ಒಮ್ಮೆ ಫೋನಿನಲ್ಲಿ ಕೇಳಿದ್ದರು.

“ನನ್ನ ಕೈಯಾಗ ಏನದರೀ ಅಣ್ಣಾ” ಎಂದಿದ್ದೆ.

ಕೃಷ್ಣೆಯ ದಂಡೆಯಲ್ಲಿ ಪರವಾನಗಿ ಇಲ್ಲದೆ ಮರಳು ಎತ್ತುತ್ತಿದ್ದ ಗುತ್ತಿಗೆದಾರನೊಬ್ಬನ ಮೇಲೆ ಅವರು ಮೂರು ವರದಿ ಬರೆದರು. ಹೆಸರಿಲ್ಲದಿದ್ದರೂ ಬರೆದದ್ದು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಮೂರನೆಯದು ಅಚ್ಚಾದ ಮರುದಿನ ಆತ ದೂರು ಕೊಟ್ಟ. ಈ ದರ್ಜಿ ಪತ್ರಕರ್ತನೆಂದು ಸುಳ್ಳು ಹೇಳಿ ತನ್ನನ್ನು ಹೆದರಿಸಿದನಂತೆ. ದೇವದುರ್ಗ ಜೈಲಿಗೆ ಹೋಯಿತು.

ವಾರದೊಳಗೆ ದೆಹಲಿಯಿಂದ ಒಬ್ಬ ಹೆಣ್ಣುಮಗಳ ಫೋನು ಬಂತು. ಲೋಕದಲ್ಲಿ ಎಲ್ಲೇ ಪತ್ರಕರ್ತರನ್ನು ಬಂಧಿಸಿದರೂ ಕಣ್ಣಿಡುವ ಒಂದು ವಿದೇಶಿ ಸಂಸ್ಥೆಯವಳು. ಈತ ವರದಿಗಾರನೆಂದು ತೋರಿಸುವ ಒಂದೇ ಹಾಳೆ ಸಾಕು, ಹೆಸರಿರುವ ವರದಿಯೋ ಪತ್ರಿಕೆಯ ಪತ್ರವೋ. ಸಿಕ್ಕರೆ ಸರ್ಕಾರಕ್ಕೆ ಬರೆಯುತ್ತೇವೆ, ವಕೀಲರನ್ನೂ ಕಳಿಸುತ್ತೇವೆ ಎಂದಳು. ಅದೇ ತಿಂಗಳು ಬೇರೆ ರಾಜ್ಯದ ವರದಿಗಾರನೊಬ್ಬನನ್ನು ಅವರು ಹೀಗೆಯೇ ಬಿಡಿಸಿದ್ದರು. ಅವನ ವರದಿಗಳಲ್ಲಿ ಹೆಸರಿತ್ತು. ನಮ್ಮಲ್ಲಿ ಅಂಥದೊಂದು ತುಣುಕೂ ಇರಲಿಲ್ಲ, ಚೀಟಿಗಳೆಲ್ಲ ರದ್ದಿಗೆ ಹೋಗಿದ್ದವು. ಉಳಿದದ್ದು ಪತ್ರಿಕೆ ಕೊಡಬಹುದಾದ ಪತ್ರವೊಂದೇ.

ಮಾಲೀಕರು ಕೋಣೆಯ ಬಾಗಿಲು ಹಾಕಿಕೊಂಡು ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ. ‘ಸದರಿ ವ್ಯಕ್ತಿಗೂ ನಮ್ಮ ಪತ್ರಿಕೆಗೂ ಯಾವುದೇ ಸಂಬಂಧವಿರುವುದಿಲ್ಲ.’ ನನ್ನ ಬೆರಳು ನಿಂತಿತು.

“ಸರ್, ಒಂಬತ್ತು ವರ್ಷದಿಂದ ಬರಿಯಾಕತ್ತಾರಲ್ರೀ.”

“ಸುಮ್ನ ಟೈಪ್ ಮಾಡು. ಇಲ್ಲಾಂದ್ರ ನೀನೂ ಮನಿಗಿ ಹೋಗು.”

ಮಾಡಿದೆ. ಕಚೇರಿ ಪತ್ರದ ತಳದಲ್ಲಿ ಟೈಪ್ ಮಾಡಿದವರ ಹೆಸರಿನ ಎರಡು ಅಕ್ಷರ ಇರಬೇಕು, ಅದನ್ನೂ ಹಾಕಿದೆ. ಹೊಟ್ಟೆಪಾಡು ಎಂದು ಆಗ ಸಮಾಧಾನ ಹೇಳಿಕೊಂಡೆ. ಹೇಡಿತನ ಎಂದು ಈಗ ಹೇಳುತ್ತೇನೆ.

ದೆಹಲಿಯವಳು ಮತ್ತೆರಡು ಸಲ ಫೋನ್ ಮಾಡಿದಳು. ನಾನು ಎತ್ತಲಿಲ್ಲ. ಆ ಸಂಸ್ಥೆ ಆ ವರ್ಷ ಹೊರಡಿಸಿದ ಬಂಧಿತ ಪತ್ರಕರ್ತರ ಪಟ್ಟಿಯಲ್ಲಿ ದೇವದುರ್ಗ ಇರಲಿಲ್ಲ. ಗುತ್ತಿಗೆದಾರನ ವಕೀಲ, ಮಾಲೀಕರು ಪೊಲೀಸರಿಗೂ ಕಳಿಸಿದ್ದ ಅದೇ ಪತ್ರವನ್ನು ನ್ಯಾಯಾಲಯದಲ್ಲಿ ಓದಿದ. ಜಾಮೀನು ಸಿಗುವಷ್ಟರಲ್ಲಿ ಹನ್ನೊಂದು ತಿಂಗಳಾಗಿತ್ತು, ಅಂಗಡಿ ಮುಚ್ಚಿತ್ತು. ಅವರು ಮಾನ್ವಿಯಲ್ಲಿದ್ದ ತಮ್ಮ ತಂಗಿಯ ಮನೆ ಸೇರಿದರು.

ನೋಡಲು ಹೋದೆ. ಚಹಾ ಕೊಡಿಸಿದರು. “ಪತ್ರದ ತಳದಾಗ ನಿನ್ನ ಅಕ್ಷರ ನೋಡಿದೆ ಯವ್ವಾ. ಹೋಗ್ಲಿ, ನಿಂದರ ಹೆಸರು ಬಂತಲ್ಲ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ... ಮರುವರ್ಷ ತೀರಿಕೊಂಡರು.

ಬರುವ ಭಾನುವಾರ ರಾಯಚೂರಿನಲ್ಲಿ ಮಾಲೀಕರಿಗೆ ಸನ್ಮಾನ. ‘ಪತ್ರಿಕಾ ಸ್ವಾತಂತ್ರ್ಯದ ಕಾವಲುಗಾರ’ ಎಂಬ ಬಿರುದು ಬೇರೆ. ಅಭಿನಂದನಾ ನುಡಿಗೆ ನನ್ನನ್ನೇ ಕರೆದಿದ್ದಾರೆ. ಖುಷಿಯಿಂದ ಒಪ್ಪಿಕೊಂಡೆ, ಹೊಸ ರವಿಕೆ ಹೊಲಿಸಿದ್ದೂ ಅದಕ್ಕೇ. ಕೆಲಸ ಬಿಡುವ ದಿನ ಆ ಪತ್ರದ ಕಚೇರಿ ಪ್ರತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದೆ. ಶಾಲು ಹೊದ್ದು ಕೂತ ಅವರ ಮುಖ ನೋಡುತ್ತಲೇ ಅದನ್ನು ಓದಬೇಕು.

ಸತ್ತವರಿಗೆ ಇದರಿಂದ ಏನೂ ಸಿಗುವುದಿಲ್ಲ, ಗೊತ್ತು. ಆದರೂ ಮೊದಲು ದೇವದುರ್ಗದ ಪೂರ್ತಿ ಹೆಸರು ಹೇಳುತ್ತೇನೆ. ಆಮೇಲೆ ಪತ್ರ, ಮಾಲೀಕರ ಸಹಿ. ಕೊನೆಗೆ ತಳದ ಎರಡು ಅಕ್ಷರ. ಅವು ಯಾರವೆಂದು ಸಭೆ ಕೇಳುವ ಮೊದಲೇ ನಾನೇ ಹೇಳುತ್ತೇನೆ.