ಕಾಳಕ್ಕನ ಬುತ್ತಿಯೂ ಹಂಡ ಮರಿಯೂ

ಕಾಳಕ್ಕ ಮತ್ತೋಡಿನ ನಮ್ಮ ಶಾಲೆಯ ಮೆಟ್ಟಿಲು ಮೊದಲ ಸಲ ಹತ್ತಿ ಬಂದದ್ದು ಒಂದು ಶನಿವಾರ, ಬೆಳಗಿನ ಪಾಠ ಮುಗಿಯುವ ಹೊತ್ತಿಗೆ. ಸೆರಗಿನ ಗಂಟು ಬಿಚ್ಚಿ ಬಿಳಿಯ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಳು.

"ಮೇಷ್ಟ್ರೇ, ಇದ್ರ ಮ್ಯಾಲೆ ಏನು ಬರ್ದೈತೆ, ಇದ್ದದ್ದು ಇದ್ದಂಗೆ ಓದಿ ಹೇಳ್ರಿ. ನಮ್ಮ ಯಜಮಾನ್ರು ಇದನ್ನ ತೀರ್ಥ ತಗಂಡಂಗೆ ದಿನಾ ತಗತಾ ಅವ್ರೆ."

ಆಂಟಿಆಕ್ಸಿಡೆಂಟ್ ಗುಳಿಗೆ, ದೇಹವನ್ನು ರಕ್ಷಿಸುತ್ತದೆ ಎಂದು ಓದಿ ಹೇಳಿದ್ದಾಯಿತು.

"ಯಾತರಿಂದ ರಕ್ಷಿಸ್ತೈತೆ?"

ಅದು ಡಬ್ಬಿಯ ಮೇಲೆ ಇರಲಿಲ್ಲ. ಕಾಳಕ್ಕ ಡಬ್ಬಿಯನ್ನು ಮತ್ತೆ ಗಂಟು ಹಾಕಿಕೊಂಡು ಎದ್ದಳು. ಉತ್ತರ ಸಿಗುವವರೆಗೆ ಮನೆಗೆ ಹೋಗುವ ಹೆಂಗಸಲ್ಲ ಅವಳು.

ಅವಳ ಗಂಡ ಚಿತ್ರಲಿಂಗಪ್ಪ ನಲವತ್ತು ವರ್ಷ ಕುರಿಯ ಹಿಂದೆ ನಡೆದವನು. ಬಾಯಲ್ಲಿ ಬೀಡಿ ಇಲ್ಲದೆ ಅವನನ್ನು ಕಂಡವರು ಕಡಿಮೆ. ಆ ವರ್ಷ ಕೆಮ್ಮು ಹಿಡಿದು, ಊರ ಹಿಂದಿನ ಗುಡ್ಡದ ಏರಿನಲ್ಲಿ ಮೂರು ಕಡೆ ಕೂರತೊಡಗಿದ್ದ. ಹೊಸದುರ್ಗದ ಡಾಕ್ಟರು ಎದೆಯ ಚಿತ್ರ ನೋಡಿ, ಬೀಡಿ ಬಿಡಬೇಕು, ಸೊಪ್ಪು ಹಣ್ಣು ತಿನ್ನಬೇಕು, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಕುರಿಯ ಹಿಂದೆ ನಡೆಯುವುದು ಆಗುವುದಿಲ್ಲ ಎಂದಿದ್ದರು. ಅಂದಿನಿಂದ ಕಾಳಕ್ಕನಿಗೆ ಅದೊಂದೇ ಚಿಂತೆ. ಕುರಿ ಬಿಟ್ಟು ಮನೆಯಲ್ಲಿ ಕುಳಿತ ಚಿತ್ರಲಿಂಗಪ್ಪನನ್ನು ಊಹಿಸುವುದೂ ಅವಳಿಂದಾಗದು. ಚಿತ್ರಲಿಂಗಪ್ಪ ಮಾತ್ರ ಶ್ರೀರಾಂಪುರದ ಸಂತೆಯಲ್ಲಿ ಬ್ಯಾಗು ಹಿಡಿದು ನಿಂತಿದ್ದ ಯಾರೋ ಒಬ್ಬನಿಂದ ಈ ಡಬ್ಬಿ ತಂದ.

"ವರ್ಷಕ್ಕೆ ಎಲ್ಡು ಸಲ ಕುರಿಗೆ ಜಂತಿನ ಔಷಧಿ ಕುಡಿಸ್ತೀವಲ್ಲ, ಹಂಗೇ ಇದು. ಒಳಗೆ ಹೋಯ್ತು ಅಂದ್ರೆ ಮುಗೀತು" ಎಂದು ಹೇಳಿ, ಗುಳಿಗೆ ನುಂಗಿ, ಅದರ ಮೇಲೊಂದು ಬೀಡಿ ಹಚ್ಚಿದ.

ಶಾಲೆಯಿಂದ ಕಾಳಕ್ಕ ನೆಟ್ಟಗೆ ಹೋದದ್ದು ಆರೋಗ್ಯ ಉಪಕೇಂದ್ರದ ದೇವಿಕಾ ಸಿಸ್ಟರ್ ಹತ್ತಿರಕ್ಕೆ.

"ಬದನೆಕಾಯಿ ಹೆಚ್ಚಿಟ್ರೆ ಗಾಳಿ ತಾಗಿ ಕಪ್ಪಾಗ್ತೈತಲ್ಲ ಕಾಳಕ್ಕ, ಅಂಥದೊಂದು ಸವೆತ ಮೈಯೊಳಗೂ ದಿನಾ ನಡೀತೈತೆ. ಬೀಡಿ ಹೊಗೆ ಅದನ್ನ ಜಾಸ್ತಿ ಮಾಡ್ತೈತೆ. ನುಗ್ಗೆಸೊಪ್ಪು, ನೆಲ್ಲಿಕಾಯಿ, ಟೊಮೇಟೊ, ನೇರಳೆಹಣ್ಣು, ಇವುಗಳಲ್ಲೆಲ್ಲ ಅದನ್ನ ತಡೆಯೋ ಅಂಶಗಳು ಅವೆ. ಅವಕ್ಕೇ ಆಂಟಿಆಕ್ಸಿಡೆಂಟ್ ಅಂತಾರೆ."

"ಹಂಗಾರೆ ಈ ಗುಳಿಗೆ?"

"ಊಟದಾಗಿನದು ಬ್ಯಾರೆ, ಗುಳಿಗೆ ಬ್ಯಾರೆ. ಬೀಡಿ ಸೇದೋರಿಗೆ ಇಂಥ ಕೆಲವು ಗುಳಿಗೆ ಕೆಡುಕೇ ಮಾಡ್ತವೆ. ಡಾಕ್ಟ್ರನ್ನ ಕೇಳ್ದೆ ಕೊಡಬ್ಯಾಡ. ಇನ್ನೊಂದು ಮಾತು, ಬೀಡಿ ಬಿಡ್ದೆ ಬರೀ ಸೊಪ್ಪು ತಿಂದ್ರೂ ಸಾಲಲ್ಲ."

ಕಾಳಕ್ಕ ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಬಂದಳು.

"ನನ್ ಗುಳಿಗೆ ಎಲ್ಲಿ ಲೇ?" ಎಂದು ಸಂಜೆ ಚಿತ್ರಲಿಂಗಪ್ಪ ಗುಡುಗಿದ.

"ಸಿಸ್ಟರ್ ಹತ್ರ ಐತೆ. ಹೋಗಿ ಕೇಳು. ಬೀಡಿ ವಾಸ್ನೆ ಬರದಂಗೆ ಬಾಯಿ ತೊಳ್ಕಂಡು ಹೋಗು."

ಅವನು ಹೋಗಲಿಲ್ಲ.

ಮರುದಿನದಿಂದ ಅವನ ಬುತ್ತಿಯಲ್ಲಿ ರೊಟ್ಟಿಯ ಜೊತೆಗೆ ನುಗ್ಗೆಸೊಪ್ಪಿನ ಪಲ್ಯ ಸೇರಿತು. ಒಂದು ದಿನ ಹರಿವೆ, ಒಂದು ದಿನ ಮೆಂತ್ಯ. ಸಂಜೆ ಬುತ್ತಿಯ ಬಟ್ಟೆ ಒಂದು ಎಸಳೂ ಉಳಿಯದೆ ಬರುತ್ತಿತ್ತು. ಕಾಳಕ್ಕ ಹಿಗ್ಗಿದಳು. ಆದರೆ ತಿಂಗಳು ಕಳೆದರೂ ಕೆಮ್ಮು ಇಳಿಯಲಿಲ್ಲ, ಅಂಗಿಯ ಬೀಡಿ ವಾಸನೆಯೂ ಹೋಗಲಿಲ್ಲ. ಬದಲಾದದ್ದು ಒಂದೇ. ಕಪ್ಪು ಬಿಳುಪಿನ ಹಂಡ ಮರಿಯೊಂದು ಬೆಳಿಗ್ಗೆ ಬುತ್ತಿ ಕಟ್ಟುವ ಹೊತ್ತಿಗೆ ಸರಿಯಾಗಿ ಹೊಸ್ತಿಲಿಗೆ ಬಂದು ಅರಚುತ್ತಿತ್ತು. ಅದರ ಜೊತೆಯ ಮರಿಗಳು ಸಣಕಲು, ಇದು ಮಾತ್ರ ಡೊಳ್ಳು. ಒಂದು ದಿನ ಬುತ್ತಿಯ ಬಟ್ಟೆಯನ್ನೇ ಹಿಡಿದು ಎಳೆಯಿತು. ಉಪ್ಪು ಬಿದ್ದ ಸೊಪ್ಪೆಂದರೆ ಕುರಿಗೆ ಪ್ರಾಣ. ಕುರಿಯವರ ಮನೆಯಲ್ಲಿ ಹುಟ್ಟಿದವಳಿಗೆ ಇನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾಳಕ್ಕ ಜಗಳಕ್ಕೆ ಹೋಗಲಿಲ್ಲ. ಬಾಗಿಲಿಗೆ ಬೀಗ ಹಾಕಿದಳು, ಚಪ್ಪಲಿ ಮೆಟ್ಟಿದಳು, ಕೋಲು ಹಿಡಿದಳು.

"ಎಲ್ಲಿಗೆ ಹೊಂಟೆ?"

"ಕುರಿ ಹಿಂದೆ."

"ನಿನ್ ಕೈಲಿ ಆಗ್ತೈತಾ?"

"ನಮ್ಮಪ್ಪನ ಕುರಿ ಕಾದು ಬಂದೋಳು ನಾನು. ಏರಿನಾಗೆ ಯಾರು ಮೊದ್ಲು ಕುಂತ್ಕಂತಾರೆ ನೋಡಾಣ. ನಡಿ."

ಮೊದಲು ಕುಳಿತವನು ಅವನೇ. ಮಧ್ಯಾಹ್ನ ಜಾಲಿಯ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಹಂಡ ಮರಿ ಓಡಿ ಬಂತು. ಕಾಳಕ್ಕ ಅದನ್ನು ಮೊಣಕಾಲುಗಳ ನಡುವೆ ಅಮುಕಿ ಹಿಡಿದು, "ಈಗ ತಿನ್ನು" ಎಂದಳು.

ಚಿತ್ರಲಿಂಗಪ್ಪ ಆಚೆ ನೋಡಿದ.

"ಬರೀ ಶೇಂಗಾ ಹೊಟ್ಟು ಹಾಕಿದ್ರೆ ಕುರಿ ಸೊರಗ್ತವೆ ಅಂತ ಹಸುರು ಹುಡುಕ್ಕಂಡು ಮೂರು ಊರು ದಾಟ್ತೀಯ. ನಿನ್ ಮೈಗೆ ಮಾತ್ರ ಹೊಗೆ. ನೀನೇನು ಮನುಷ್ಯನೋ, ಇಟ್ಟಿಗೆ ಗೂಡೋ?"

ಅವನಿಗೆ ನಗು ಬಂತು. ನಗು ಕೆಮ್ಮಾಯಿತು. ಆ ಕೆಮ್ಮು ಎಷ್ಟು ಹೊತ್ತು ಹಿಡಿಯಿತೆಂದರೆ ಮೇಯುತ್ತಿದ್ದ ಕುರಿಗಳು ತಲೆಯೆತ್ತಿ ನೋಡಿದವು. ಕಣ್ಣೊರೆಸಿಕೊಂಡು, ಜೇಬಿನ ಬೀಡಿ ಕಟ್ಟನ್ನು ತೆಗೆದು ಅವಳ ಕೈಗಿಟ್ಟ.

"ಇವತ್ತೊಂದು ದಿನಕ್ಕೆ" ಎಂದ.

"ಇವತ್ತಿಂದು ಇವತ್ತಿಗೆ ಸಾಕು. ನಾಳೆ ಮತ್ತೆ ಕೇಳ್ತೀನಿ."

ಹಾಗೆಯೇ ಕೇಳಿದಳು. ಪ್ರತಿ ಬೆಳಿಗ್ಗೆ ಬುತ್ತಿ ಕಟ್ಟುವ ಮೊದಲು ಕೈ ಚಾಚುತ್ತಿದ್ದಳು. ಎರಡು ಸಲ ಕಂಬಳಿಯ ಮಡಿಕೆಯಲ್ಲಿ ಬೀಡಿ ಸಿಕ್ಕವು. ಎರಡು ಸಲವೂ ಬೈದಳು, ಮರುದಿನ ಮತ್ತೆ ಕೈ ಚಾಚಿದಳು. ಮಳೆಗಾಲ ಬಂದಾಗ ಚಿತ್ರಲಿಂಗಪ್ಪ ಕುರಿಯ ಹಿಂದೆಯೇ ಇದ್ದ. ಗುಡ್ಡದ ಏರಿನಲ್ಲಿ ಈಗಲೂ ಒಂದು ಕಡೆ ಕೂರುತ್ತಾನೆ. ಸವೆದದ್ದೆಲ್ಲ ಮರಳಿ ಬರುವುದಿಲ್ಲ, ಬೀಡಿ ಬಿಟ್ಟದ್ದೇ ದೊಡ್ಡದು, ಸೊಪ್ಪು ಹಣ್ಣು ಅದಕ್ಕೆ ಆಸರೆ ಎಂದು ದೇವಿಕಾ ಹೇಳುತ್ತಾಳೆ. ಇಷ್ಟು ಸಿಕ್ಕಿತಲ್ಲ, ಇದನ್ನು ಬಿಡುವುದಿಲ್ಲ ಎಂಬುದು ಕಾಳಕ್ಕನ ಮಾತು.

ಈಗ ಅವಳು ದಿನವೂ ಕುರಿಯ ಜೊತೆಗೆ ಹೋಗುತ್ತಾಳೆ. ಬದುವಿನಲ್ಲಿ ಸಿಕ್ಕ ಹೊನಗೊನ್ನೆ, ಗೋಣಿಸೊಪ್ಪನ್ನು ಮಡಿಲಿಗೆ ತುಂಬಿಕೊಂಡು ಬರುತ್ತಾಳೆ. ಬುತ್ತಿಯಲ್ಲಿ ಇಬ್ಬರ ಊಟ. ಹಂಡ ಮರಿ ಬೆಳೆದು ಕುರಿಯಾಗಿದೆ; ಮೊಣಕಾಲಿನ ನಡುವೆ ಹಿಡಿಸದು. ಆದ್ದರಿಂದ ಅದರ ಕಿವಿ ಹಿಡಿದು ಕೂರುತ್ತಾಳೆ. ಗಂಡನ ಕೊನೆಯ ತುತ್ತು ಗಂಟಲಲ್ಲಿ ಇಳಿದದ್ದನ್ನು ಕಂಡ ಮೇಲೆಯೇ ಕಿವಿ ಬಿಟ್ಟು, ಅದಕ್ಕೂ ಒಂದು ಚಿಟಿಕೆ ಸೊಪ್ಪು ಹಾಕುತ್ತಾಳೆ.