ಚಕ್ರವರ್ತಿಯ ಹೆಂಡತಿಯ ದನಿ

ಸಿರಿಲ್ ಅಂಕಲ್, ಅದು ಗ್ರೇಸ್ ಆಂಟಿಯದೇ ದನಿ. ಅಲ್ಲ ಎಂದು ನಿಮ್ಮ ಮುಖ ನೋಡಿ ನಾನು ಹೇಳಿದ್ದು ಸುಳ್ಳು.

ಕೊಲ್ಲಿ ದೇಶದ ಈ ಮಹಬೂಲಾದ ಮೊಬೈಲ್ ಅಂಗಡಿಯ ಬ್ಯಾರಿ ಹುಡುಗ ನಾನು — ವೀಸಾ ಕೊಟ್ಟ ಅರಬ್ ಧಣಿ ಕಫೀಲನಿಂದ ಹಿಡಿದು ಕನ್ನಡಿಯಲ್ಲಿ ಕಾಣುವ ನನ್ನದೇ ಕೋತಿಮುಖದವರೆಗೆ ಯಾರನ್ನೂ ಅಣಕಿಸದೆ ಬಿಟ್ಟವನಲ್ಲ. ಪ್ರತಿ ಶುಕ್ರವಾರ ಅಬು ಹಲೀಫಾದ ನಿಮ್ಮ ಮನೆಯಲ್ಲಿ ಊಟ. ಆಂಟಿ ಜಾಬ್ರಿಯಾದ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ನಿದ್ದೆಗಣ್ಣಲ್ಲೇ ನನಗೆ ಮೀನು ಬಡಿಸಿದವರು. ಅವರು ತೀರಿಕೊಂಡ ಮೇಲೆ ನಿಮಗೆ ಉಳಿದದ್ದು ಇಲ್ಲಿನ ನಮ್ಮ ಊರವರ ಸಂಘದ ಅಧ್ಯಕ್ಷರ ಕುರ್ಚಿಯೊಂದೇ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ...

ಸಂಘದ ಮಕ್ಕಳ ಕ್ವಿಜ್‌ನಲ್ಲಿ ನೀವು ಕೇಳಿದಿರಿ — ಚೀನಾದ ಚಿಂಗ್ ವಂಶದ ಕಾಂಗ್‌ಶಿ ಚಕ್ರವರ್ತಿ ಎಷ್ಟು ವರ್ಷ ಆಳಿದ? "ಸಿಕ್ಸ್ಟಿ ಒನ್, ಅಂಕಲ್!" ಎಂದು ಒಂದು ಮಗು ಕೂಗಿತು. ಅವನ ಮೊಮ್ಮಗ ಚಿಯೆನ್‌ಲಾಂಗ್ ಅರವತ್ತು ವರ್ಷ ಆಳಿ, ಅಜ್ಜನನ್ನು ಮೀರಬಾರದೆಂದು ತಾನೇ ಸಿಂಹಾಸನ ಬಿಟ್ಟನಂತೆ. ಎಷ್ಟು ಪ್ರೀತಿಯಿಂದ ಹೇಳಿದಿರಿ! ಹಿಂದಿನ ಸಾಲಿನಲ್ಲಿ ಯಾರೋ, "ಇವ್ರು ಕುರ್ಚಿ ಬಿಡುದು ಯಾವಾಗ ಮಾರಾಯಾ?" ಎಂದರು. ನನಗೆ ನಾಟಕ ಸಿಕ್ಕಿತು.

ವಾರ್ಷಿಕೋತ್ಸವದಲ್ಲಿ ಜರಿ ಶಾಲು ಹೊದ್ದು ಚಕ್ರವರ್ತಿಯಾದೆ. ನಿಮ್ಮ ಕೆಮ್ಮು, ನಿಮ್ಮ ನಡಿಗೆ, ನಿಮ್ಮದೇ ಮಾತು: "ಇದೊಂದು ವರ್ಷ, ಮತ್ತೆ ಖಲಾಸ್!" ಸಭೆ ಹೊಟ್ಟೆ ಹಿಡಿದು ನಕ್ಕಿತು, ನೀವೂ ನಕ್ಕಿರಿ. ಅಲ್ಲಿಗೆ ನಿಲ್ಲಿಸಬಹುದಿತ್ತು. ಚಪ್ಪಾಳೆ ಬಿದ್ದ ಮೇಲೆ ನನ್ನ ನಾಲಿಗೆಗೆ ಲಗಾಮು ಎಲ್ಲಿ? ಮಹಾರಾಣಿಯಾಗಿ ಕರೆದೆ:

"ಓಯ್, ಆ ಕುರ್ಚಿ ಬಿಟ್ಟು ಬನ್ನಿ ಮಾರಾಯ್ರೆ, ಸಾರು ತಣಿಯಿತು."

ನೀವು ಎದ್ದು ನಿಂತಿರಿ. ನಿಜವಾಗಿಯೂ — ಮನೆಯಿಂದ ಕರೆ ಬಂದ ಹಾಗೆ, ಬಾಗಿಲ ಕಡೆ ತಿರುಗಿ. ಸಭೆ ಇನ್ನೂ ನಗುತ್ತಿತ್ತು.

ಮುಂದಿನ ವಾರ ಅಧ್ಯಕ್ಷಗಿರಿ ಬಿಟ್ಟಿರಿ. ಆಮೇಲೆ ಕೆಲಸವನ್ನೂ. ಆ ಮೊಮ್ಮಗ ಸಿಂಹಾಸನದಿಂದ ಇಳಿದ ಮೇಲೂ ಅಧಿಕಾರವನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿದ್ದನೆಂದು ನಾನು ಬಹಳ ತಡವಾಗಿ ಓದಿದೆ. ನೀವು ಏನನ್ನೂ ಇಟ್ಟುಕೊಳ್ಳಲಿಲ್ಲ.

ನೀವು ಊರಿಗೆ ಹೊರಟ ದಿನ ಪೆಟ್ಟಿಗೆ ಇಳಿಸಿಕೊಡಲು ಬಂದಿದ್ದೆ. ಲಿಫ್ಟ್‌ನಲ್ಲಿ ನಾವಿಬ್ಬರೇ.

"ಪುತಾ, ಅದು ಗ್ರೇಸ್ ಅಲ್ವಾ? ಇನ್ನೊಮ್ಮೆ ಹೇಳ್ತೀಯಾ?"

ಸಿಟ್ಟಿರಲಿಲ್ಲ ನಿಮ್ಮಲ್ಲಿ; ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀವು ಬೇಡುತ್ತಿದ್ದಿರಿ — ಈ ಬಾಯಿಬಡುಕನ ಹತ್ತಿರ. ಹೆದರಿಬಿಟ್ಟೆ.

"ಎಂತ ಅಂಕಲ್, ಆಂಟಿ ಎಲ್ಲಿಂದ ಬಂದ್ರು? ಅದು ಸುಮ್ನೆ ಯಾವ್ದೋ ಹೆಂಗಸಿನ ದನಿ."

"ಹೌದಾ... ನನ್ನ ಕಿವಿ ಹೋಯ್ತು ಕಾಣ್ತದೆ."

ಇಡೀ ಸಭೆಯ ಎದುರು ನಗಿಸಲು ಹೇಳಿದ ಮಾತನ್ನು, ಒಬ್ಬರಿಗೋಸ್ಕರ ಹೇಳಲು ನನ್ನಿಂದ ಆಗಲಿಲ್ಲ.

ಈಗ ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಆಗಾಗ ಪ್ರಯತ್ನಿಸುತ್ತೇನೆ. ನಿಮ್ಮ ದನಿ ಬರುತ್ತದೆ, ಕಫೀಲನದೂ ಬರುತ್ತದೆ. ಆಂಟಿಯದು ಮಾತ್ರ — ಮಾತು ಬರುತ್ತದೆ, ಅವರು ಬರುವುದಿಲ್ಲ. ಈ ಸಲದ ರಜೆಯಲ್ಲಿ ನಿಮ್ಮ ಮನೆಗೆ ಬಂದು ಎಲ್ಲವನ್ನೂ ಎದುರು ನಿಂತು ಹೇಳುತ್ತೇನೆ, ಅಂಕಲ್. ಇನ್ನೊಮ್ಮೆ ಹೇಳು ಎಂದು ನೀವು ಕೇಳಿದರೆ — ಕೊಡಲು ನನ್ನ ಬಳಿ ಆ ದನಿ ಉಳಿದಿಲ್ಲ.