ಹನಿಯಕ್ಕ ಪೈಪು ಸುತ್ತಿದ್ದು

ತೋಟಗಳಿಗೆ ಹನಿ ನೀರಾವರಿಯ ಪೈಪು ಹಾಸುವುದು ಅವಳ ಕಸುಬು. ಹದಿನೆಂಟು ವರ್ಷ ಅದನ್ನೇ ಮಾಡಿದ್ದರಿಂದ ಎಲ್ಲರ ಬಾಯಲ್ಲೂ ಅವಳು ಹನಿಯಕ್ಕ. ಮೊಣಕಾಲೂರಿ ಪೈಪಿಗೆ ತೂತು ಕೊರೆದು, ಒಂದೊಂದು ಗಿಡದ ಬುಡಕ್ಕೂ ಸಣ್ಣ ನಳಿಕೆ ಸಿಕ್ಕಿಸುವಾಗಲೂ ಬಾಯಿಗೆ ಬಿಡುವಿರುತ್ತಿರಲಿಲ್ಲ. "ಅರ್ಧಕ್ಕರ್ಧ ನೀರು ಉಳಿಯುತ್ತೆ, ಬರೆದಿಟ್ಕೊಳ್ಳಿ!" ಎನ್ನುತ್ತಿದ್ದಳು. ಕಾಲುವೆಯ ಮೇಲ್ಭಾಗದ ತೋಟಗಳಿಗೆಲ್ಲ ಪೈಪು ಹಾಸಿದ್ದು ಅವಳೇ.

ಒಂದು ಬೆಳಿಗ್ಗೆ, ಕಾಲುವೆಯ ಕೆಳಭಾಗದಲ್ಲಿ ಹೂವಿನ ಸಸಿ ಬೆಳೆಸುವ ತಂಗಿ ಫೋನ್ ಮಾಡಿದಳು. "ಅಕ್ಕಾ, ನಿನ್ನ ಪೈಪುಗಳು ನನ್ನ ಬಾವಿ ಕುಡಿದುಬಿಟ್ವು ಕಣೇ!"

"ಹುಚ್ಚಿ, ನಾನು ನೀರು ಉಳಿಸೋಳು," ಎಂದು ಹನಿಯಕ್ಕ ನಕ್ಕಳು. ಆದರೂ ಮನಸ್ಸು ತಡೆಯದೆ ಸ್ಕೂಟರ್ ಹತ್ತಿ ಹೋದಳು. ಬಾವಿಯಲ್ಲಿ ನೀರು ಆರು ಮೆಟ್ಟಿಲು ಕೆಳಗಿಳಿದಿತ್ತು. ಅಲ್ಲೇ ಕೂತು ಯೋಚಿಸಿದಳು. ಮೊದಲೆಲ್ಲ ಮೇಲಿನವರು ಹೊಲದ ತುಂಬ ನೀರು ಹಾಯಿಸುತ್ತಿದ್ದರು. ಹೆಚ್ಚಾದದ್ದು ನೆಲಕ್ಕಿಂಗಿ ಈ ಬಾವಿಗೆ ಬರುತ್ತಿತ್ತು. ಈಗ ಹೆಚ್ಚಾಗುವುದೂ ಇಲ್ಲ, ಇಂಗುವುದೂ ಇಲ್ಲ. ಸರಿ, ಆದರೆ ಉಳಿದ ನೀರು ಕಾಲುವೆಯಲ್ಲಾದರೂ ಕೆಳಗೆ ಬರಬೇಕಿತ್ತಲ್ಲ?

ಅದೆಲ್ಲಿ ಹೋಯಿತೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ನೀರು ಉಳಿಯಿತೆಂದು ಮೇಲಿನ ನಾಲ್ಕೈದು ಜನ ಬೀಳು ನೆಲಕ್ಕೂ ಟೊಮೆಟೊ ಹಾಕಿದ್ದರು. ಅಲ್ಲಿಗೂ ಪೈಪು ಎಳೆದವಳು ಅವಳೇ.

ಬೀಳು ನೆಲದಲ್ಲಿ ಎಲ್ಲರಿಗಿಂತ ಹೆಚ್ಚು ಬೆಳೆ ಇಟ್ಟವರು ಅವಳ ಸೋದರಮಾವ. ಮರುದಿನ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದು ಬಾವಿ ತೋರಿಸಿದಳು.

ಮಾವ ಮೀಸೆ ತಿರುವಿದರು. "ನಾನೇನು ಇವಳ ನೀರು ಕದ್ನಾ?"

"ಕದ್ದೋಳು ನಾನು ಮಾವ. ನೀವು ಬಚ್ಚಿಟ್ಕೊಂಡ್ರಿ, ಅಷ್ಟೇ."

ಮಾವನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಮತ್ತೊಮ್ಮೆ ಬಾವಿಗೆ ಇಣುಕಿದರು. "ಟೊಮೆಟೊ ಕೊಯ್ಲಾಗ್ಲಿ. ಆಮೇಲೆ ಬೀಳು ಬೀಳಾಗೇ ಇರ್ಲಿ. ಉಳಿದೋರ ಹತ್ರ ನಾನು ಮಾತಾಡ್ತೀನಿ," ಎಂದರು. ಮಾತಾಡಿದರು ಕೂಡ. ಒಬ್ಬನನ್ನು ಬಿಟ್ಟು ಎಲ್ಲರೂ ಒಪ್ಪಿದರು. ಅವನು ಮಾತ್ರ ಜಗ್ಗಲಿಲ್ಲ.

ಕೊಯ್ಲು ಮುಗಿದ ವಾರ ಹನಿಯಕ್ಕ ಒಪ್ಪಿದವರ ಬೀಳು ನೆಲಕ್ಕೆ ತಾನು ಹಾಸಿದ್ದ ಪೈಪುಗಳನ್ನು ತಾನೇ ಕಿತ್ತು, ಸುರುಳಿ ಸುತ್ತಿ, ಶೆಡ್ಡಿಗೆ ಸೇರಿಸಿದಳು. ಆ ಪಾಲಿನ ನೀರು ಕಾಲುವೆಯಲ್ಲಿ ಕೆಳಗೆ ಹರಿಯಿತು. ತಂಗಿ ಅದನ್ನು ಬಾವಿಯ ಪಕ್ಕದ ಹಳೇ ಜಲ್ಲಿ ಗುಂಡಿಗೆ ತಿರುಗಿಸಿ ಇಂಗಿಸಿದಳು.

ಎರಡು ತಿಂಗಳಾದ ಮೇಲೆ ಫೋನ್ ಬಂತು. "ಅಕ್ಕಾ, ನಾಲ್ಕು ಮೆಟ್ಟಿಲು ಮುಳುಗಿದ್ವು! ಇನ್ನೆರಡು ಯಾವಾಗ?"

"ಸ್ವಲ್ಪ ತಡಿಯೇ! ಆ ಜಗ್ಗದ ಮಹಾನುಭಾವನ ಮನೆ ಬಾಗಿಲಲ್ಲೇ ನಿಂತಿದೀನಿ."